ಒಡೆದ ಒತ್ತಕ್ಷರ, ಮುಂದೆ ಹೋದ ಬಿಡುಗಡೆ: ಚಿಕ್ಕಮಗಳೂರಿನ ಒಂದು ಗೇಮ್ ತಂಡದ ಪ್ರಕರಣ

ಈ ಪ್ರಕರಣದಲ್ಲಿ ತಂಡದ ಹೆಸರು, ಗೇಮಿನ ಹೆಸರು, ವರ್ಷ ಮೂರನ್ನೂ ಬಿಟ್ಟಿದ್ದೇವೆ. ಗುರುತು ಸಿಗಬಾರದೆಂದು ಮೊತ್ತ, ಎಣಿಕೆಗಳನ್ನೂ ತುಸು ಬದಲಿಸಲಾಗಿದೆ. ಯಾವ ನಿರ್ಧಾರ ಯಾವಾಗ ಆಯಿತು, ಅದರ ಹಿಂದೆಯೇ ಏನಾಯಿತು ಎಂಬುದರತ್ತ ಓದುಗರ ಗಮನವಿರಲಿ.

ಹಿನ್ನೆಲೆ

ಚಿಕ್ಕಮಗಳೂರು ಪೇಟೆಯಲ್ಲಿ ಅಂಗಡಿಯೊಂದರ ಮಹಡಿ ಮೇಲಿನ ಬಾಡಿಗೆ ಕೋಣೆ, ಮೂವರ ತಂಡ. ಒಬ್ಬ ಪ್ರೋಗ್ರಾಮರ್, ಒಬ್ಬಳು ಚಿತ್ರಕಲಾವಿದೆ, ಕಥೆ ಮತ್ತು ಧ್ವನಿ ನೋಡಿಕೊಳ್ಳುವ ಇನ್ನೊಬ್ಬ. ಕಾಫಿ ಎಸ್ಟೇಟಿಗೆ ಹೊಸದಾಗಿ ಬಂದ ರೈಟರ್ (ಹಾಜರಿ, ಲೆಕ್ಕ ಬರೆಯುವ ಗುಮಾಸ್ತ) ಒಬ್ಬ ಹಾಜರಿ ಪುಸ್ತಕದಲ್ಲಿನ ಹಳೆಯ ಗೋಜಲನ್ನು ಬಿಡಿಸುವುದೇ ಗೇಮು. ಕಣ, ಪಲ್ಪರ್ ಮನೆ, ಕೂಲಿಯವರ ಲೈನ್ ಮನೆ ಸುತ್ತಿ ಜನರನ್ನು ಮಾತಾಡಿಸುತ್ತಾ ಹೋಗಬೇಕು. ಬಂದೂಕಿಲ್ಲ, ಓಟವಿಲ್ಲ. ಸುಮಾರು 1,900 ಸಾಲಿನ ಸಂಭಾಷಣೆಯೇ ಇದರ ಜೀವಾಳ, ಅದೂ ಮಲೆನಾಡಿನ ಆಡುಮಾತಿನಲ್ಲಿ. ಇಂಗ್ಲಿಷ್ ಆವೃತ್ತಿಯೂ ಇತ್ತು, ಆದರೆ ಜನ ಕಾದಿದ್ದು ಕನ್ನಡಕ್ಕೆ.

ಕಟ್ಟಿದ್ದು ಯೂನಿಟಿ ಎಂಬ ಎಂಜಿನ್ನಿನಲ್ಲಿ, ಅಂದರೆ ಗೇಮ್ ಕಟ್ಟುವ ತಂತ್ರಾಂಶದಲ್ಲಿ. ಮಾರಾಟಕ್ಕೆ ಆರಿಸಿಕೊಂಡಿದ್ದು ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ. ಸ್ಟೀಮಿನಲ್ಲಿ ಒಂದು ಗೇಮಿಗೆ 100 ಡಾಲರ್ ಶುಲ್ಕ ಕಟ್ಟಬೇಕು. ಕಿಕ್‌ಸ್ಟಾರ್ಟರ್ ಎಂಬ, ಜನರಿಂದ ಹಣ ಕೂಡಿಸುವ ತಾಣ ಭಾರತದ ಯೋಜನೆಗಳನ್ನು ತೆಗೆದುಕೊಳ್ಳದ ಕಾರಣ, ಗೂಗಲ್ ಫಾರ್ಮ್ ಒಂದನ್ನು ಇಟ್ಟು ಯುಪಿಐ ಮೂಲಕ ತಲಾ ₹300 ಬೆಂಬಲ ಹಣ ಕೇಳಿದರು. ಕೊಟ್ಟವರಿಗೆ ಬಿಡುಗಡೆಯ ದಿನ ಸ್ಟೀಮ್ ಕೀ (ಸ್ಟೀಮಿನಲ್ಲಿ ಗೇಮ್ ತೆರೆಯುವ ಸಂಕೇತ), ಗೇಮಿನ ಕೊನೆಯಲ್ಲಿ ಹೆಸರು. 212 ಜನರಿಂದ ₹63,600 ಬಂತು. ಹಣ ಬಿದ್ದದ್ದು ಪ್ರೋಗ್ರಾಮರ್‌ನ ಸ್ವಂತ ಉಳಿತಾಯ ಖಾತೆಗೆ. ಮುಂದೆ ಈ ಒಂದು ಸಂಗತಿ ದೊಡ್ಡ ತಲೆನೋವಾಯಿತು.

ಇಪ್ಪತ್ತು ನಿಮಿಷದ ಡೆಮೊ ಬಿಟ್ಟಾಗ ಸಿಕ್ಕ ಪ್ರತಿಕ್ರಿಯೆ ತಂಡ ನೆನೆಸಿದ್ದಕ್ಕಿಂತ ಹೆಚ್ಚು. ಹಣ್ಣು ಕೊಯ್ಯುವ ಅಜ್ಜಿಯೊಬ್ಬಳು ರೈಟರನ್ನು ತರಾಟೆಗೆ ತೆಗೆದುಕೊಳ್ಳುವ ದೃಶ್ಯ ಮೂಡಿಗೆರೆ, ಸಕಲೇಶಪುರದ ಕಡೆಯ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಗೇಮ್ ಆಡದವರೂ "ಇದು ನಮ್ ಕಡೆ ಮಾತು" ಅಂತ ಹಂಚಿದರು. ಆ ಉತ್ಸಾಹದಲ್ಲೇ ಯುಗಾದಿಯ ದಿನ ಘೋಷಣೆ ಆಯಿತು: ನವೆಂಬರ್ 1, ಕನ್ನಡ ರಾಜ್ಯೋತ್ಸವಕ್ಕೆ ಬಿಡುಗಡೆ. ದಿನ ಚೆನ್ನಾಗಿತ್ತು. ಉಳಿದ ಕೆಲಸ ಎಷ್ಟು ಎಂದು ಮಾತ್ರ ಆ ಹೊತ್ತಿಗೆ ಯಾರೂ ಎಣಿಸಿರಲಿಲ್ಲ.

ಸಮಸ್ಯೆ ಎಲ್ಲಿತ್ತು

ಡೆಮೊದಲ್ಲಿ ಇದ್ದದ್ದು 64 ಸಾಲು ಮಾತು. ಅಷ್ಟನ್ನೂ ಕಲಾವಿದೆ ತನ್ನ ಚಿತ್ರ ತಂತ್ರಾಂಶದಲ್ಲಿ ಟೈಪ್ ಮಾಡಿ, ಒಂದೊಂದು ಸಾಲನ್ನೂ ಪಿಎನ್‌ಜಿ ಚಿತ್ರವಾಗಿಸಿ ಗೇಮಿಗೆ ಅಂಟಿಸಿದ್ದಳು. ಪರದೆಯ ಮೇಲೆ ಅಕ್ಷರ ಮುತ್ತಿನಂತೆ ಕಂಡವು. ಇಡೀ ಗೇಮಿಗೆ ಈ ದಾರಿ ಸಾಗದು. 1,900 ಚಿತ್ರ ಮಾಡಿದರೂ ಒಂದು ಪದ ತಿದ್ದಲು ಮತ್ತೆ ಕಲಾವಿದೆಯೇ ಕೂರಬೇಕು, ಆಟಗಾರನ ಹೆಸರು ಸಾಲಿನ ಮಧ್ಯೆ ಬರುವ ಕಡೆ ಚಿತ್ರ ಕೆಲಸಕ್ಕೇ ಬರುವುದಿಲ್ಲ. ಆಗಸ್ಟ್ ಕೊನೆಗೆ ಪ್ರೋಗ್ರಾಮರ್ ಪೂರ್ತಿ ಸಂಭಾಷಣೆಯನ್ನು ಯೂನಿಟಿಯಲ್ಲಿ ಪರದೆಗೆ ಅಕ್ಷರ ಬರೆಯುವ ಸಾಧನವಾದ ಟೆಕ್ಸ್ಟ್‌ಮೆಶ್ ಪ್ರೋಗೆ ಹಾಕಿದ. "ಹಣ್ಣು" ಎಂಬಲ್ಲಿ ಣ, ಅದರ ಪಕ್ಕ ಒಂಟಿ ಅರ್ಧಾಕ್ಷರದ ಚಿಹ್ನೆ, ಮತ್ತೆ ಇನ್ನೊಂದು ಣ. "ಅಮ್ಮ", "ಎಸ್ಟೇಟ್", "ಕ್ಷಮಿಸಿ" ಎಲ್ಲದಕ್ಕೂ ಅದೇ ಗತಿ. ಅರ್ಕಾವತ್ತು ಎಲ್ಲೂ ಇಲ್ಲ.

ಇದಕ್ಕೆ ಕಾರಣ ಸರಳ. ಯುನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ U+0C80 ರಿಂದ U+0CFF ವರೆಗೆ. ಅಲ್ಲಿ ಸ್ವರ, ವ್ಯಂಜನ, ಕಾಗುಣಿತದ ಚಿಹ್ನೆಗಳಿಗೆ ಸಂಖ್ಯೆಗಳಿವೆ, ಒತ್ತಕ್ಷರಕ್ಕೆ ಬೇರೆ ಸಂಖ್ಯೆ ಇಲ್ಲ. ವ್ಯಂಜನ, ಅರ್ಧಾಕ್ಷರದ ಚಿಹ್ನೆ (U+0CCD), ವ್ಯಂಜನ ಒಟ್ಟಿಗೆ ಬಂದಾಗ ಫಾಂಟಿನೊಳಗಿನ ನಿಯಮಗಳನ್ನು ಓದಿ ಒತ್ತನ್ನು ಕೆಳಗೆ ಕೂರಿಸುವ ಕೆಲಸ ಶೇಪಿಂಗ್ ಎಂಜಿನ್‌ನದ್ದು. ಬ್ರೌಸರಿನಲ್ಲಿ, ಫೋನಿನಲ್ಲಿ ಅದು ಸದ್ದಿಲ್ಲದೆ ನಡೆಯುತ್ತದೆ. ತಂಡ ಬಳಸುತ್ತಿದ್ದ ಟೆಕ್ಸ್ಟ್‌ಮೆಶ್ ಪ್ರೋ ಪ್ರತಿ ಸಂಖ್ಯೆಗೂ ಒಂದು ಚಿತ್ರ ತೆಗೆದು ಸಾಲಾಗಿ ಜೋಡಿಸುತ್ತದೆ, ಶೇಪಿಂಗ್ ಅದರೊಳಗಿಲ್ಲ. ಇಂಗ್ಲಿಷಿಗೆ ಅಷ್ಟು ಸಾಕು, ಕನ್ನಡಕ್ಕೆ ಸಾಲದು.

ಡೆಮೊ ಜನರಿಗೆ ಒಳ್ಳೆಯದನ್ನು ತೋರಿಸಿತು, ತಂಡಕ್ಕೆ ಸುಳ್ಳು ಹೇಳಿತು. ಅತಿ ಕಷ್ಟದ ಕೆಲಸವನ್ನು ಕೈಯಿಂದ ಮಾಡಿ ಮುಚ್ಚಿದ್ದರಿಂದ ಅದು ಉಳಿದ ಕೆಲಸದ ಲೆಕ್ಕಕ್ಕೇ ಬರಲಿಲ್ಲ. ಡೆಮೊ ನೋಡಿ ದಿನಾಂಕ ಹೇಳುವ ಯಾವ ತಂಡವಾದರೂ ಮೊದಲು ಕೇಳಿಕೊಳ್ಳಬೇಕಾದ್ದು ಇದನ್ನೇ: ಡೆಮೊದಲ್ಲಿ ಯಾವುದನ್ನು ಕೈಯಿಂದ ಅಂಟಿಸಿದ್ದೇವೆ?

ಮೊದಲ ಮುಂದೂಡಿಕೆ

ಸೆಪ್ಟೆಂಬರ್ ಪೂರ್ತಿ ಹೋದದ್ದು ನುಡಿ ಮಾದರಿಯ ಹಳೆಯ ಆಸ್ಕಿ ಫಾಂಟ್ ಪ್ರಯತ್ನಕ್ಕೆ. ಡಿಟಿಪಿ ಕೆಲಸ ಮಾಡಿದವರಿಗೆಲ್ಲ ಈ ಉಪಾಯ ಗೊತ್ತು. ಯುನಿಕೋಡ್ ಪಠ್ಯವನ್ನು ಆಸ್ಕಿಗೆ ಪರಿವರ್ತಿಸಿದರೆ ಒತ್ತಕ್ಷರವೂ ಒಂದು ಸಾಮಾನ್ಯ ಅಕ್ಷರದ ಜಾಗದಲ್ಲಿ ಕೂರುತ್ತದೆ, ಶೇಪಿಂಗ್ ಬೇಕಾಗುವುದಿಲ್ಲ. ಪರದೆಯಲ್ಲಿ ಅಕ್ಷರ ಸರಿಯಾಗಿ ಬಂದವು. ತೊಂದರೆ ಬೇರೆ ಕಡೆ ಎದ್ದಿತು. ಸಾಲು ಮುರಿಯುವಾಗ ಒತ್ತು ಮುಂದಿನ ಸಾಲಿಗೆ ಹಾರಿತು. ನಡುವೆ ಬಂದ ಇಂಗ್ಲಿಷ್ ಪದಗಳು ಕನ್ನಡದ ಚೂರುಗಳಾದವು. ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಪರಿಣಾಮದಲ್ಲಿ ಅರ್ಧ ಅಕ್ಷರ ಮೊದಲು ಬಂದು ಒತ್ತು ಆಮೇಲೆ ಬಿದ್ದು, ಓದುವವರ ಕಣ್ಣು ಕಿತ್ತು ಬರುವ ಹಾಗಾಯಿತು.

ಅಕ್ಟೋಬರ್ ಮಧ್ಯದ ಹೊತ್ತಿಗೇ ನವೆಂಬರ್ 1 ಆಗದೆಂದು ಮೂವರಿಗೂ ಗೊತ್ತಿತ್ತು. ಹೇಳಿದ್ದು ಅಕ್ಟೋಬರ್ 29ಕ್ಕೆ. ಸ್ಟೀಮಿನ ನಿಯಮದ ಪ್ರಕಾರ ಬಿಡುಗಡೆಗೆ ಎರಡು ವಾರಕ್ಕಿಂತ ಕಡಿಮೆ ಉಳಿದಾಗ ಡೆವಲಪರ್ ತಾನೇ ದಿನಾಂಕ ಬದಲಿಸಲಾಗದು, ಸ್ಟೀಮಿನವರಿಗೆ ಬರೆದು ಕೇಳಬೇಕು. ಅವರ ಉತ್ತರ ಬರುವ ತನಕ ಅಂಗಡಿ ಪುಟದಲ್ಲಿ ನವೆಂಬರ್ 1 ಎಂದೇ ಇತ್ತು, ಇನ್‌ಸ್ಟಾಗ್ರಾಮಿನಲ್ಲಿ "ಮುಂದೂಡಲಾಗಿದೆ" ಎಂದಿತ್ತು. ಎರಡು ಕಡೆ ಎರಡು ಮಾತು ಕಂಡ ಜನ ಯಾವುದನ್ನೂ ನಂಬಲಿಲ್ಲ. ಪ್ರಕಟಣೆಯೂ ಒಂದೇ ಸಾಲು: "ತಾಂತ್ರಿಕ ಕಾರಣಗಳಿಂದ ಬಿಡುಗಡೆಯನ್ನು ಮುಂದೂಡಲಾಗಿದೆ, ಸಹಕರಿಸಿ."

ಪ್ರತಿಕ್ರಿಯೆ ಮೂರು ಬಗೆಯದು. ಆಗ ತಂಡ ಮೂರನ್ನೂ ಒಂದೇ ಸಿಟ್ಟು ಎಂದು ಓದಿದ್ದರಿಂದ ಇವನ್ನು ಬಿಡಿಸಿ ನೋಡುವುದು ಮುಖ್ಯ.

ಹಣ ಕೊಟ್ಟವರ ಪ್ರಶ್ನೆ ನೇರವಾಗಿತ್ತು. "ಅಣ್ಣಾ, ಕೊಟ್ಟ ದುಡ್ಡು ಎಲ್ಲಿದೆ?" ಖಾತೆ ಒಬ್ಬನ ಹೆಸರಲ್ಲಿ ಇದ್ದುದರಿಂದ ಎರಡನೆಯ ದಿನಕ್ಕೇ "ದುಡ್ಡು ನುಂಗಿ ಕೂತ" ಎಂಬ ಮಾತು ಹುಟ್ಟಿತು. ಗೇಮ್ ಆಡುವ ಹುಡುಗರಿಗೆ ಮುಂದೂಡಿಕೆ ಹೊಸದೇನಲ್ಲ, ಅವರು ಮೀಮ್ ಮಾಡಿ ಎರಡು ದಿನಕ್ಕೆ ಸುಮ್ಮನಾದರು. ಹೆಚ್ಚು ನೋವಾದದ್ದು ಮೂರನೆಯವರಿಗೆ. ಗೇಮಿನ ಗಂಧವಿಲ್ಲದಿದ್ದರೂ ನಮ್ಮ ಮಾತಿನ ಗೇಮು ಬರುತ್ತಿದೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದ ಮೇಷ್ಟರುಗಳು, ಕನ್ನಡ ಸಂಘದವರು. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಗೇಮು ತೋರಿಸುತ್ತೇವೆಂದು ಒಂದು ಕಾಲೇಜು ಕರಪತ್ರದಲ್ಲೇ ಅಚ್ಚು ಹಾಕಿಸಿತ್ತು. ಅವರ ಮುಖಭಂಗಕ್ಕೆ "ಸಹಕರಿಸಿ" ಎಂಬುದು ಉತ್ತರವಾಗಲಾರದು.

ಸಣ್ಣ ಊರಿನಲ್ಲಿ ಅಭಿಮಾನಿ ಫೋನಿನೊಳಗೇ ಉಳಿಯುವುದಿಲ್ಲ. ಕಲಾವಿದೆಯ ತಂದೆಯ ಅಂಗಡಿ ನಂಬರನ್ನು ಯಾರೋ ವಾಟ್ಸಾಪ್ ಗುಂಪಿಗೆ ಹಾಕಿದರು. "ನಿಮ್ ಮಗಳ ಗೇಮ್ ಯಾವಾಗ ರೀ" ಎಂಬ ವಿಚಾರಣೆಯಿಂದ ಶುರುವಾದ ಕರೆಗಳು ಬೈಗುಳಕ್ಕೆ ಇಳಿದವು. ಇಂಥದ್ದು ದೊಡ್ಡ ಊರುಗಳಲ್ಲೂ ಆಗಿದೆ. 2016ರಲ್ಲಿ ನೋ ಮ್ಯಾನ್ಸ್ ಸ್ಕೈ ಎಂಬ ಗೇಮಿನ ಬಿಡುಗಡೆ ಜೂನ್‌ನಿಂದ ಆಗಸ್ಟಿಗೆ ಹೋದಾಗ ಅದರ ತಂಡದ ಮುಖ್ಯಸ್ಥರಿಗೂ, ಸುದ್ದಿಯನ್ನು ಮೊದಲು ಬರೆದ ಪತ್ರಕರ್ತರಿಗೂ ಕೊಲೆ ಬೆದರಿಕೆ ಬಂದಿತ್ತು. ಆದರೆ ಚಿಕ್ಕಮಗಳೂರಿನಂಥ ಊರಲ್ಲಿ ಬೈಯುವವನಿಗೆ ಮನೆಯ ದಾರಿಯೂ ಗೊತ್ತಿರುತ್ತದೆ. ತಂಡದವರು ಸಾಕ್ಷಿಗಾಗಿ ಸಂದೇಶಗಳ ಸ್ಕ್ರೀನ್‌ಶಾಟ್, ಕರೆಗಳ ಸಮಯ ಬರೆದಿಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೊರಟಾಗ ಗೊತ್ತಾದದ್ದು, ಆ ಸಂಖ್ಯೆ ಹಣದ ವಂಚನೆಯ ದೂರಿಗೆ ಎಂದು. ಬೆದರಿಕೆಯ ದೂರು ಕೊಡಬೇಕಾದ್ದು ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ. ಅವರು ಠಾಣೆಗೆ ಹೋದರು. ಅಂಗಡಿಯ ಕರೆಗಳು ನಿಂತವು.

ಎರಡನೆಯ ದಿನಾಂಕ

ಇಡೀ ಪ್ರಕರಣದಲ್ಲಿ ಹೆಚ್ಚು ನಷ್ಟ ಮಾಡಿದ ನಿರ್ಧಾರ ಇಲ್ಲಿದೆ. ಬೈಗುಳ ತಾಳಲಾರದೆ ಕಥೆ, ಧ್ವನಿ ನೋಡಿಕೊಳ್ಳುವವ ಒಂದು ರಾತ್ರಿ ಗುಂಪಿನಲ್ಲಿ ಬರೆದ: "ಸಂಕ್ರಾಂತಿಗೆ ಖಂಡಿತ." ಉಳಿದಿಬ್ಬರು ಅದನ್ನು ಬೆಳಿಗ್ಗೆ ಓದಿದರು. ಸಿಟ್ಟು ತಣಿಸಲು ಕೊಟ್ಟ ದಿನಾಂಕದ ಹಿಂದೆ ಕೆಲಸದ ಅಂದಾಜು ಇರುವುದಿಲ್ಲ, ಇದ್ದದ್ದು ಹೆದರಿಕೆ ಮಾತ್ರ.

ಮೊದಲ ದಿನಾಂಕ ತಪ್ಪಿದರೆ ಜನ ಕ್ಷಮಿಸುತ್ತಾರೆ. ಎರಡನೆಯದು ತಪ್ಪಿದರೆ ಅಲ್ಲಿಂದಾಚೆಗೆ ಆ ತಂಡದ ಬಾಯಲ್ಲಿ ಬರುವ ಯಾವ ದಿನಾಂಕಕ್ಕೂ ಬೆಲೆ ಇರುವುದಿಲ್ಲ. ಸೈಬರ್‌ಪಂಕ್ 2077 ಎಂಬ ಗೇಮು ಇದಕ್ಕೆ ಹೆಸರಾದ ಉದಾಹರಣೆ. 2020ರ ಏಪ್ರಿಲ್ 16 ಎಂದಿದ್ದು ಸೆಪ್ಟೆಂಬರ್ 17 ಆಯಿತು, ಅಲ್ಲಿಂದ ನವೆಂಬರ್ 19. ಅಕ್ಟೋಬರ್ ಆರಂಭದಲ್ಲಿ ಗೇಮ್ ಗೋಲ್ಡ್ ಆಯಿತು, ಅಂದರೆ ಡಿಸ್ಕಿಗೆ ಅಚ್ಚಾಗಲು ಸಿದ್ಧ ಎಂದು ಸಾರಿದರು. ಅದೇ ಅಕ್ಟೋಬರ್ 27ಕ್ಕೆ ಮತ್ತೆ ಮುಂದೂಡಿ ಡಿಸೆಂಬರ್ 10 ಎಂದರು. ಆ ಕೊನೆಯ ಮುಂದೂಡಿಕೆ ಬರೀ ಮೂರು ವಾರದ್ದು, ಆದರೂ ಸಿಟ್ಟು ಅದಕ್ಕೇ ಹೆಚ್ಚು. ಸಿದ್ಧ ಎಂದ ಮೇಲೆ ಸಿದ್ಧವಿಲ್ಲ ಎಂದಿದ್ದರು. ಡಿಸೆಂಬರ್ 10 ಮಾತ್ರ ತಪ್ಪಲಿಲ್ಲ, ಹಳೆಯ ಕನ್ಸೋಲುಗಳಲ್ಲಿ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಗಳಲ್ಲಿ) ಗೇಮು ಎಷ್ಟು ಕೆಟ್ಟಿತ್ತೆಂದರೆ ಒಂದೇ ವಾರಕ್ಕೆ ಸೋನಿ ಅದನ್ನು ಪ್ಲೇಸ್ಟೇಷನ್ ಅಂಗಡಿಯಿಂದ ತೆಗೆದು ಹಣ ಹಿಂದಿರುಗಿಸಬೇಕಾಯಿತು.

ರಾಕ್‌ಸ್ಟಾರ್ ಎಂಬ ದೊಡ್ಡ ಕಂಪನಿಯ ಜಿಟಿಎ 6 ಗೇಮಿನ ಉದಾಹರಣೆ ಕೊಟ್ಟು "ಅವರೂ ಮುಂದೂಡಿಲ್ಲವೇ" ಎಂದು ತಂಡ ತನ್ನೊಳಗೆ ಸಮಾಧಾನ ಮಾಡಿಕೊಂಡಿತ್ತು. ಆ ಹೋಲಿಕೆ ಸಲ್ಲದು. ರಾಕ್‌ಸ್ಟಾರ್ 2025 ಎಂದಿದ್ದನ್ನು 2026ರ ಮೇ 26ಕ್ಕೆ, ಆಮೇಲೆ ನವೆಂಬರ್ 19ಕ್ಕೆ ಒಯ್ದಿತು, ಎರಡು ಸಲವೂ ಚಿಕ್ಕ ಪ್ರಕಟಣೆಯಲ್ಲಿ ಮುಗಿಸಿತು. ಹಿಂದೆ ಕೊಟ್ಟ ಗೇಮುಗಳ ಮೇಲಿನ ನಂಬಿಕೆ ಆ ಚಿಕ್ಕ ಪ್ರಕಟಣೆಯನ್ನು ಹೊರುತ್ತದೆ. ಮೊದಲ ಗೇಮು ಮಾಡುತ್ತಿರುವ ಮೂವರಿಗೆ ಆ ಬಂಡವಾಳವಿಲ್ಲ, ಅವರು ಕಾರಣವನ್ನು ಬಿಡಿಸಿ ತೋರಿಸಲೇಬೇಕು.

ಡಿಸೆಂಬರ್ ಬಂದಾಗ ಇನ್ನೊಂದು ತಪ್ಪು ಹೆಜ್ಜೆ. ಇಂಗ್ಲಿಷ್ ಆವೃತ್ತಿ ಬಹುಪಾಲು ಸಿದ್ಧವಿತ್ತು. ಸಂಕ್ರಾಂತಿಗೆ ಇಂಗ್ಲಿಷ್ ಬಿಡೋಣ, ಕನ್ನಡ ಶೀಘ್ರದಲ್ಲೇ ಬರಲಿದೆ ಎನ್ನೋಣ ಎಂದು ಸೇರಿಸಿ ಪ್ರಕಟಣೆ ಹಾಕಿದರು. ವ್ಯವಹಾರದ ದೃಷ್ಟಿಯಿಂದ ತರ್ಕ ಇತ್ತು, ಮಾರಾಟ ಶುರುವಾದರೆ ಬಾಡಿಗೆ ಹುಟ್ಟುತ್ತದೆ. ಬಂದ ಪ್ರತಿಕ್ರಿಯೆ ಅಕ್ಟೋಬರಿನದಕ್ಕಿಂತ ಎಷ್ಟೋ ಕಟುವಾಗಿತ್ತು, ಮತ್ತು ಈ ಸಲ ಬೈದವರು ಹುಡುಗರಲ್ಲ. ಕೊಪ್ಪದ ಕಡೆಯ ಹಿರಿಯರೊಬ್ಬರು ಬರೆದದ್ದು ನಾಲ್ಕೇ ಮಾತು: "ಕನ್ನಡಕ್ಕೆ ಅಂತ ಇಸ್ಕೊಂಡ್ರಲ್ಲ ಮಗಾ." ತಡವನ್ನು ಸಹಿಸಿದ್ದ ಇವರೆಲ್ಲ, ಕೊಟ್ಟ ಮಾತಿನ ತಿರುಳೇ ಬದಲಾದದ್ದನ್ನು ಸಹಿಸಲಿಲ್ಲ. ಗೇಮಿನ ಯಾವ ಭಾಗಕ್ಕಾಗಿ ಜನ ಕಾಯುತ್ತಿದ್ದಾರೋ ಅದನ್ನೇ ಹಿಂದಕ್ಕೆ ತಳ್ಳಿ ಉಳಿದದ್ದನ್ನು ಬಡಿಸುವುದು ತಡಕ್ಕಿಂತ ಕೆಟ್ಟದ್ದು. ನಾಲ್ಕನೆಯ ದಿನ ಆ ಪ್ರಕಟಣೆಯನ್ನು ಹಿಂತೆಗೆದುಕೊಂಡರು.

ಹೇಗೆ ತಿರುಗಿತು

ಹಿಂತೆಗೆದ ಮೇಲೆ ಅವರು ಮಾಡಿದ ಕೆಲಸಗಳ ಕ್ರಮ ಸರಿಯಾಗಿತ್ತು. ಮೊದಲು ಹಣ, ಆಮೇಲೆ ವಿವರಣೆ, ದಿನಾಂಕ ಎಲ್ಲಕ್ಕಿಂತ ಕೊನೆಗೆ.

ಸ್ಟೀಮಿನಲ್ಲಿ ಮುಂಗಡ ಕೊಂಡಿದ್ದರೆ ಬಿಡುಗಡೆಗೆ ಮುಂಚೆ ಯಾವಾಗ ಬೇಕಾದರೂ ಹಣ ವಾಪಸ್ ಪಡೆಯಬಹುದು, ಬಿಡುಗಡೆಯಾದ ಮೇಲೂ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ಪಡೆಯಬಹುದು. ಯುಪಿಐಯಲ್ಲಿ ನೇರ ಇಸಿದುಕೊಂಡ ಹಣಕ್ಕೆ ಆ ಏರ್ಪಾಡು ಇಲ್ಲ, ಇಸಿದುಕೊಂಡವರೇ ಜವಾಬ್ದಾರಿ. ಕಾರಣ ಕೇಳದೆ ಹದಿನೈದು ದಿನ ಮರುಪಾವತಿ ಎಂದು ಪ್ರಕಟಿಸಿ, ಫಾರ್ಮಿನ ಹಾಳೆಯನ್ನು ಬ್ಯಾಂಕ್ ವಿವರದ ಜೊತೆ ಇಟ್ಟು ಪ್ರತಿ ಪಾವತಿಗೂ ಇರುವ 12 ಅಂಕಿಯ ಯುಟಿಆರ್ ಸಂಖ್ಯೆಯಿಂದ ಒಂದೊಂದೇ ತಾಳೆ ನೋಡಿದರು. ಅಲ್ಲೇ ಗೊಂದಲ ಕಂಡದ್ದು. ಒಬ್ಬ ಗೆಳೆಯರದ್ದೆಲ್ಲ ಸೇರಿಸಿ ₹1,200 ಹಾಕಿದ್ದ, ಇನ್ನು ಕೆಲವರದ್ದು ಅಪ್ಪನ ಫೋನಿನಿಂದ ಬಂದಿತ್ತು. ಹಣ ಯಾವ ಖಾತೆಯಿಂದ ಬಂದಿತ್ತೋ ಅದೇ ಖಾತೆಗೆ ಹೋಗಬೇಕು, ಫಾರ್ಮಿನಲ್ಲಿ ಹೆಸರಿದ್ದವರಿಗೆ ಸಂದೇಶ ಹೋಗಬೇಕು ಎಂಬ ನಿಯಮ ಮಾಡಿಕೊಂಡರು. ವಾಪಸ್ ಕೇಳಿದವರು 31 ಜನ, ಹೋದದ್ದು ₹9,300. ವಾಪಸ್ ಸಿಗುತ್ತದೆ ಎಂದು ಖಾತ್ರಿಯಾದ ಮೇಲೆ ಉಳಿದ 181 ಮಂದಿ ಕೇಳಲೇ ಇಲ್ಲ. ಹಣ ನುಂಗಿದರೆಂಬ ಮಾತು ಆ ಹದಿನೈದು ದಿನದಲ್ಲೇ ಸತ್ತಿತು.

ಎರಡನೆಯದು ನಲವತ್ತು ಸೆಕೆಂಡಿನ ವಿಡಿಯೊ. ಎಡಕ್ಕೆ ಟೆಕ್ಸ್ಟ್‌ಮೆಶ್ ಪ್ರೋ ತೋರಿಸುತ್ತಿದ್ದ ಒಡೆದ "ಹಣ್ಣು", ಬಲಕ್ಕೆ ಹೊಸ ವ್ಯವಸ್ಥೆಯಲ್ಲಿ ಒತ್ತು ಸರಿಯಾಗಿ ಕೂತ "ಹಣ್ಣು". ಕೆಳಗೆ ಅದೇ ಅಜ್ಜಿಯ ಬೈಗುಳ ಎರಡೂ ಬಗೆಯಲ್ಲಿ. ಹಿನ್ನೆಲೆಯಲ್ಲಿ ಪ್ರೋಗ್ರಾಮರ್‌ನ ಧ್ವನಿ: ಇದು ಹೀಗೆ ಒಡೆಯುತ್ತದೆ, ನಾವು ಹೀಗೆ ಜೋಡಿಸುತ್ತಿದ್ದೇವೆ, 1,900ರಲ್ಲಿ ಇಷ್ಟು ಸಾಲು ಆಗಿದೆ. ಒಂದು ದಿನಾಂಕವನ್ನೂ ಹೇಳಲಿಲ್ಲ. "ತಾಂತ್ರಿಕ ಕಾರಣ" ಎಂದಾಗ ನೆಪ ಎಂದವರು ಒಡೆದ ಅಕ್ಷರವನ್ನು ಕಣ್ಣಾರೆ ಕಂಡಾಗ ಒಪ್ಪಿದರು. ಕನ್ನಡ ಓದುವ ಯಾರಿಗೂ ಆ ಎಡಭಾಗ ಸಹ್ಯವಾಗಿರಲಿಲ್ಲ.

ಹೊಸ ವ್ಯವಸ್ಥೆ ಹೀಗಿತ್ತು. ಶೇಪಿಂಗಿಗೆ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಪ್ಲಗಿನ್ ಆಗಿ ಯೂನಿಟಿಗೆ ಸೇರಿಸಿದರು. ಫಾಂಟು ನೋಟೊ ಸ್ಯಾನ್ಸ್ ಕನ್ನಡ, ಅದರ ಪರವಾನಗಿ ಗೇಮಿನಲ್ಲಿ ಬಳಸಲು ಅಡ್ಡಿ ಮಾಡುವುದಿಲ್ಲ. ಪಠ್ಯ ಕೊಟ್ಟರೆ ಹಾರ್ಫ್‌ಬಜ್ ಯಾವ ಆಕಾರವನ್ನು ಎಲ್ಲಿ ಕೂರಿಸಬೇಕೆಂದು ಪಟ್ಟಿ ಕೊಡುತ್ತದೆ, ಅದರಂತೆ ಪರದೆಯ ಮೇಲೆ ಚಿತ್ರಿಸಬೇಕು. ಅಕ್ಷರ ಒಂದೊಂದೇ ಮೂಡುವ ಪರಿಣಾಮಕ್ಕೆ ತಮ್ಮದೇ ನಿಯಮ ಬರೆದರು: ಅರ್ಧಾಕ್ಷರದ ಚಿಹ್ನೆಯ ಹಿಂದೆಯೇ ವ್ಯಂಜನ ಇದ್ದರೆ ಅಲ್ಲಿ ತುಂಡರಿಸಬಾರದು, ಅದಕ್ಕೆ ಸೇರಿದ ಕಾಗುಣಿತ ಮುಗಿಯುವ ತನಕ ಒಂದೇ ಅಕ್ಷರವೆಂದು ಎಣಿಸಬೇಕು. ಗೊಡೊ 4 ಎಂಬ ಇನ್ನೊಂದು ಗೇಮ್ ಎಂಜಿನ್ನಿಗೆ ಹೋಗಿದ್ದರೆ ಹಾರ್ಫ್‌ಬಜ್ ಅದರೊಳಗೇ ಇತ್ತು. ಆದರೆ ಮುಕ್ಕಾಲು ಮುಗಿದ ಗೇಮನ್ನು ಬೇರೆ ಎಂಜಿನ್ನಿಗೆ ಸಾಗಿಸುವುದು ಇನ್ನೊಂದು ವರ್ಷದ ಮಾತು. ಈಗ ಹೊಸದಾಗಿ ಕನ್ನಡ ಗೇಮು ಶುರು ಮಾಡುವವರು ಮಾತ್ರ ಎಂಜಿನ್ ಆರಿಸುವ ಮೊದಲ ದಿನವೇ "ಸ್ತ್ರೀ", "ಅರ್ಕಾವತ್ತು", "ರಾಷ್ಟ್ರ" ಬರೆದು ನೋಡಬೇಕು.

ಮೂರನೆಯದು ಪರೀಕ್ಷಕರು. ಗಟ್ಟಿಯಾಗಿ ಬೈದಿದ್ದವರಲ್ಲೇ ಹತ್ತು ಮಂದಿಯನ್ನು ಕರೆದರು, ಅರ್ಧ ಚಿಕ್ಕಮಗಳೂರಿನವರು, ಅರ್ಧ ಹಾಸನದ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಬಿಡುಗಡೆಗೆ ಮುಂಚೆಯೇ ತೆರೆಯುವ ವಿಶೇಷ ಸ್ಟೀಮ್ ಕೀ ಕೊಟ್ಟರು. ಮಾಮೂಲಿ ಕೀ ಕೊಟ್ಟರೆ ಬಿಡುಗಡೆಯ ತನಕ ಗೇಮ್ ತೆರೆಯುವುದಿಲ್ಲ, ಮೊದಲ ಸಲ ಹಾಗೇ ಆಗಿ ಒಂದು ವಾರಾಂತ್ಯ ವ್ಯರ್ಥವಾಯಿತು. ಪ್ರತಿ ತಪ್ಪಿಗೂ ಸಾಲಿನ ಸಂಖ್ಯೆ, ಸ್ಕ್ರೀನ್‌ಶಾಟ್, ಕಂಪ್ಯೂಟರಿನ ವಿವರ ಎಂಬ ಮೂರು ಕಾಲಂನ ಹಾಳೆ. ಹಾಸನದ ಹುಡುಗರು ಹಿಡಿದು ಕೊಟ್ಟದ್ದು ತಂಡದವರ ಕಣ್ಣಿಗೆ ಬಿದ್ದೇ ಇರಲಿಲ್ಲ: ಹಳೆಯ ಲ್ಯಾಪ್‌ಟಾಪ್‌ಗಳ 1366×768 ಪರದೆಯಲ್ಲಿ ಎರಡು ಒತ್ತಿರುವ ಅಕ್ಷರದ ತಳ ಮಾತಿನ ಪೆಟ್ಟಿಗೆಯ ಅಂಚಿಗೆ ತಾಗಿ ಕತ್ತರಿಸಿಹೋಗುತ್ತಿತ್ತು. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ನೋಡಿ ಇಟ್ಟಿದ್ದರು, ಅದನ್ನು ಕನ್ನಡಕ್ಕೆ ಬೇರೆಯಾಗಿಯೇ ಹೆಚ್ಚಿಸಬೇಕಾಯಿತು.

ಈ ನಡುವೆ ಹದಿನೈದು ದಿನಕ್ಕೊಂದು ಟಿಪ್ಪಣಿ. ಎಷ್ಟು ಸಾಲು ಮುಗಿಯಿತು, ಯಾವುದು ಕೆಟ್ಟಿತು, ಮುಂದೆ ಏನು. ಹೇಳಲು ಏನೂ ಇಲ್ಲದ ವಾರ "ಈ ಸಲ ಏನೂ ಮುಂದೆ ಸಾಗಲಿಲ್ಲ, ಕರೆಂಟ್ ಇರಲಿಲ್ಲ" ಎಂದೇ ಹಾಕಿದರು. ಮೌನವೂ ಕೆಲವರಿಗೆ ಒಗ್ಗುತ್ತದೆ ನಿಜ. ಹಾಲೋ ನೈಟ್: ಸಿಲ್ಕ್‌ಸಾಂಗ್ ಎಂಬ ಗೇಮು 2019ರ ಫೆಬ್ರವರಿಯಲ್ಲಿ ಘೋಷಣೆಯಾಗಿ, ವರ್ಷಗಟ್ಟಲೆ ಹೆಚ್ಚು ಮಾತಿಲ್ಲದೆ, 2025ರ ಆಗಸ್ಟಿನಲ್ಲಿ ದಿನಾಂಕ ಹೇಳಿ ಎರಡೇ ವಾರಕ್ಕೆ, ಸೆಪ್ಟೆಂಬರ್ 4ರಂದು ಬಂತು. ಬಂದ ಹೊತ್ತಿಗೆ ನುಗ್ಗಿದ ಜನಕ್ಕೆ ಸ್ಟೀಮ್ ಅಂಗಡಿಯೇ ಕುಸಿಯಿತು. ಆದರೆ ಆ ತಂಡದ ಮೊದಲ ಗೇಮು ಜನರ ಕೈಯಲ್ಲಿತ್ತು, ಮತ್ತು ಅವರು ಊರವರಿಂದ ತಲಾ ₹300 ಇಸಿದುಕೊಂಡಿರಲಿಲ್ಲ.

ಬಿಡುಗಡೆ

ದಿನಾಂಕ ಹೇಳಲು ತಂಡ ತನಗೆ ತಾನೇ ಷರತ್ತು ಹಾಕಿಕೊಂಡಿತು. ಪರೀಕ್ಷಕರಲ್ಲಿ ಮೂವರು ಆರಂಭದಿಂದ ಕೊನೆವರೆಗೆ ಆಡಿ ಮುಗಿಸಿರಬೇಕು, ಗೇಮು ನಿಂತುಹೋಗುವ ಯಾವ ದೋಷವೂ ಹಾಳೆಯಲ್ಲಿ ಉಳಿದಿರಬಾರದು, ಸ್ಟೀಮಿನ ಪರಿಶೀಲನೆಯಲ್ಲಿ ಪಾಸಾಗಿರಬೇಕು, ಮೂವರೂ ಒಪ್ಪಿರಬೇಕು. ಅಲ್ಲಿಯ ತನಕ ಅಂಗಡಿ ಪುಟದಲ್ಲಿ ದಿನಾಂಕದ ಜಾಗಕ್ಕೆ "ಘೋಷಿಸಬೇಕಿದೆ" ಎಂಬ ಆಯ್ಕೆ. ಮಾರ್ಚಿನಲ್ಲಿ ಹೂಮಳೆ ಬಿದ್ದ ಹೊತ್ತಿಗೆ ನಾಲ್ಕೂ ಕೂಡಿಬಂದವು. ಅಂದಿನಿಂದ ಐದು ವಾರ ಮುಂದಿನ ದಿನಾಂಕ ಹೇಳಿದರು. ಮೂರು ವಾರಕ್ಕೇ ಬಿಡಬಹುದಿತ್ತು, ಎರಡು ವಾರ ಬೇಕೆಂದೇ ಇಟ್ಟುಕೊಂಡರು. ಆ ಎರಡು ವಾರ ಕೆಲಸಕ್ಕೂ ಬಂತು, ಪ್ಲಗಿನ್ ವಿಂಡೋಸಿನ ಒಂದು ಹಳೆಯ ಆವೃತ್ತಿಯಲ್ಲಿ ತೆರೆಯುತ್ತಲೇ ಇರಲಿಲ್ಲ.

ಹೇಳಿದ ದಿನವೇ ಗೇಮು ಬಂತು, ಎರಡೂ ಭಾಷೆಯಲ್ಲಿ. ಸಂಜೆಯೊಳಗೆ ಒಂದು ದೋಷ ಸಿಕ್ಕಿತು: ಆಟಗಾರ ತನ್ನ ಹೆಸರನ್ನು ಅರ್ಕಾವತ್ತು ಬರುವಂತೆ ಬರೆದರೆ ಹಾಜರಿ ಪುಸ್ತಕದ ಪುಟದಲ್ಲಿ ಆ ಹೆಸರು ಕಾಣುತ್ತಿರಲಿಲ್ಲ. ದೋಷ ತಿಳಿಸಿದವನು ಹಣ ವಾಪಸ್ ಪಡೆದಿದ್ದ 31 ಮಂದಿಯಲ್ಲಿ ಒಬ್ಬ, ಮತ್ತೆ ದುಡ್ಡು ಕೊಟ್ಟು ಕೊಂಡಿದ್ದ. ಹಾಗೆ ಮರಳಿ ಕೊಂಡವರು ಒಂಬತ್ತು ಮಂದಿ. ರಾತ್ರಿಯೇ ಪ್ಯಾಚ್ ಹೋಯಿತು. ಕರಪತ್ರ ಅಚ್ಚು ಹಾಕಿಸಿದ್ದ ಕಾಲೇಜಿಗೆ ತಂಡ ತಾನಾಗಿ ಹೋಗಿ ಗೇಮು ತೋರಿಸಿ ಬಂತು. ಕೊಪ್ಪದ ಹಿರಿಯರು ಕೀ ಪಡೆದರು, ಮಾತಾಡಲಿಲ್ಲ. ಕಲಾವಿದೆ ಮುಂದಿನ ಗೇಮಿಗೆ ಕೆಲಸ ಮಾಡುತ್ತಿದ್ದಾಳೆ, ಆದರೆ ತನ್ನ ಹೆಸರು ಎಲ್ಲೂ ಬರಬಾರದೆಂದು ಹೇಳಿದ್ದಾಳೆ.

ಆ ಮುಂದಿನ ಗೇಮಿಗೆ ಹಣ ಇಸಿದುಕೊಳ್ಳಲು ತಂಡ ಪ್ರತ್ಯೇಕ ಚಾಲ್ತಿ ಖಾತೆ ತೆರೆದಿದೆ, ಮರುಪಾವತಿಯ ನಿಯಮವನ್ನು ಫಾರ್ಮಿನ ಮೊದಲ ಸಾಲಿನಲ್ಲೇ ಬರೆದಿದೆ. ಗುಂಪಿಗೆ ಪ್ರಕಟಣೆ ಹಾಕುವ ಅಧಿಕಾರ ಒಬ್ಬರಿಗೇ, ಅದೂ ಉಳಿದಿಬ್ಬರು ಓದಿದ ಮೇಲೆ, ರಾತ್ರಿ ಎಂಟರ ನಂತರ ಇಲ್ಲ. ಡೆಮೊ ಕಟ್ಟಲು ಶುರುವಾಗಿದೆ, ಅದರಲ್ಲಿ ಒಂದು ಸಾಲನ್ನೂ ಚಿತ್ರವಾಗಿ ಅಂಟಿಸಿಲ್ಲ.